ಬಿಸಿಲಿಗೆ ಬಾಯಿ ತೆರೆದ ಪೆಟ್ಟಿಗೆ

೧೯೮೬ರಲ್ಲಿ ನಾನು ಓದು ಬಿಟ್ಟೆ. ಮಾನ್ವಿಯ ಶಾಲೆಯಲ್ಲಿ ಏಳನೇ ತರಗತಿ ಪಾಸು ಮಾಡಿ, ಎಂಟನೆಯದರ ಬಾಗಿಲಲ್ಲಿ ಇಣುಕಿ, ಹಾಗೇ ಹಿಂದಕ್ಕೆ ಬಂದವನು ನಾನು. ನಾನಿಲ್ಲದೆ ಶಾಲೆ ಒಂದು ದಿನವಾದರೂ ಮುಚ್ಚೀತು ಎಂದು ಕಾದೆ, ಮುಚ್ಚಲಿಲ್ಲ. ಆ ಸಿಟ್ಟಿನಲ್ಲೇ ರಾಯಚೂರಿಗೆ ಬಂದು ರೇಡಿಯೊ ರಿಪೇರಿಯ ಅಂಗಡಿಯೊಂದರಲ್ಲಿ ಕುಳಿತೆ. ಅಲ್ಲಿ ಉಸ್ತಾದರು ಕಲಿಸಿದ ಮೊದಲ ಪಾಠ ಹತ್ತು ಬಣ್ಣಗಳದ್ದು: ಕಪ್ಪು, ಕಂದು, ಕೆಂಪು, ಕೇಸರಿ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಅಂಕಿಗೆ ಒಂದೊಂದು ಬಣ್ಣ. ರೆಸಿಸ್ಟರ್ ಎಂಬ ಕಾಳಿನಷ್ಟು ಸಾಮಾನಿನ ಮೈಮೇಲಿನ ಪಟ್ಟೆಗಳನ್ನು ಓದಿ, ಅದು ಕರೆಂಟಿಗೆ ಎಷ್ಟು ಅಡ್ಡ ನಿಲ್ಲುತ್ತದೆ ಎಂದು ಹೇಳುವ ವಿದ್ಯೆ ಅದು. ಇವತ್ತಿಗೂ ಸೀರೆ ಅಂಗಡಿಯಲ್ಲಿ ನನ್ನ ಹೆಂಡತಿ, “ಈ ಹಸರಿಗೆ ಕೆಂಪು ಅಂಚು ಹೆಂಗ ಕಾಣ್ತದರಿ?” ಎಂದು ಕೇಳಿದರೆ, ನನ್ನ ಬಾಯಿಗೆ ಮೊದಲು ಬರುವುದು “ಐವತ್ತೆರಡು” ಎಂಬ ಉತ್ತರ. ಆಕೆ ಈಗ ನನ್ನನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೋಗುವುದಿಲ್ಲ.

ಹತ್ತು ಬಣ್ಣಗಳ ಮೇಲೆ ಒಂದು ಬದುಕು ಕಟ್ಟಬಹುದು. ನಾನು ಕಟ್ಟಿದ್ದೇನೆ. ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ ಇದೆ. ಸುತ್ತಲಿನ ಊರುಗಳ ಭಜನಾ ಮಂಡಳಿ, ಮಸೀದಿ, ಬ್ಯಾಂಡ್ ಕಂಪನಿ, ಯಾರ ಮೈಕಿನ ಗಂಟಲು ಕೆಟ್ಟರೂ ಅದು ನನ್ನ ಟೇಬಲ್ಲಿಗೇ ಬರಬೇಕು. ಕೆಲಸ ಕದ್ದು ಕಲಿತಿಲ್ಲ, ಕದ್ದು ಮಾಡಿಲ್ಲ. ಇಷ್ಟೆಲ್ಲ ಬೆನ್ನು ತಟ್ಟಿಕೊಂಡ ಮೇಲೂ ನಿಮ್ಮ ಹತ್ತಿರ ಮಾತ್ರ ಒಂದು ವಿಷಯ ಹೇಳಿಬಿಡುತ್ತೇನೆ: ಕರೆಂಟು ಹಾಡುತ್ತದೆ ಎಂಬುದು ನನಗೆ ಇನ್ನೂ ನಂಬಿಕೆಯಾಗಿಲ್ಲ. ಅದು ಫ್ಯಾನು ತಿರುಗಿಸುವುದು ಸರಿ, ನೀರು ಕಾಯಿಸುವುದು ಸರಿ. ಆದರೆ ಅದೇ ತಂತಿಯಲ್ಲಿ ಬಂದದ್ದು ಒಂದು ಕಡೆ ಇಡ್ಲಿ ಹಿಟ್ಟು ರುಬ್ಬಿ, ಇನ್ನೊಂದು ಕಡೆ ಮನುಷ್ಯನ ಕಣ್ಣಲ್ಲಿ ನೀರು ತರಿಸುತ್ತದೆ ಎಂದರೆ ಹೇಗೆ? ಒಳಗಿನದೆಲ್ಲ ಬಿಚ್ಚಿ ನೋಡಿದವನು ನಾನು. ಒಳಗೆ ಹಾಡು ಇಲ್ಲ. ಸೀಸ, ತಾಮ್ರ, ಧೂಳು, ಕೆಲವೊಮ್ಮೆ ಒಂದು ಹಲ್ಲಿಯ ಮೊಟ್ಟೆ.

ಈ ಅನುಮಾನವನ್ನು ದೊಡ್ಡದು ಮಾಡಿದ್ದು ಖಾಸಿಂ ಮಾಸ್ತರರ ಪೆಟ್ಟಿಗೆ.

ಖಾಸಿಂ ಮಾಸ್ತರರು ರಾಯಚೂರಿನ ಬ್ಯಾಂಡ್ ಕಂಪನಿಯೊಂದರ ಯಜಮಾನರು, ಕ್ಲಾರಿಯೊನೆಟ್ ನುಡಿಸುವವರು. ಅವರ ಬ್ಯಾಂಡಿಗೆ ಒಂದು ಪದ್ಧತಿ ಇತ್ತು. ಮದುವೆಯ ಮೆರವಣಿಗೆ ಹೆಣ್ಣಿನ ಮನೆ ಬಾಗಿಲಿಗೆ ಬಂದಾಗ ಢೋಲು, ತಾಸೆ, ಕಹಳೆ ಎಲ್ಲ ಒಮ್ಮೆಲೇ ನಿಲ್ಲುತ್ತವೆ. ಮಾಸ್ತರರು ಒಬ್ಬರೇ ಮುಂದೆ ಬಂದು, ಒಂದೇ ಉಸಿರಿನಲ್ಲಿ ಒಂದು ಉದ್ದನೆಯ ಆಲಾಪ ಊದುತ್ತಾರೆ. ಅದಕ್ಕೆ ಜನ ಇಟ್ಟ ಹೆಸರು ದಮ್ಮು. ದಮ್ಮು ಮುಗಿಯುವವರೆಗೆ ಮದುಮಗ ಹೊಸ್ತಿಲು ದಾಟುವಂತಿಲ್ಲ. ದೇವದುರ್ಗ, ಮಾನ್ವಿ, ಸಿರವಾರದ ಕಡೆ ಲಿಂಗಾಯತರ ಮನೆಯೇ ಇರಲಿ, ಸಾಬರ ಮನೆಯೇ ಇರಲಿ, ಮದುವೆ ಗಟ್ಟಿಯಾಗುವುದು ಅಕ್ಷತೆಯಿಂದಲೋ ನಿಕಾಹದಿಂದಲೋ ಎಂದು ಕೇಳಿದರೆ, ಮುದುಕಿಯರು ಖಾಸಿಂ ಸಾಬನ ದಮ್ಮಿನಿಂದ ಎನ್ನುತ್ತಿದ್ದರು.

ಪೆಟ್ಟಿಗೆ ನನ್ನ ಹತ್ತಿರ ಬರುವುದಕ್ಕೆ ಎರಡು ವರ್ಷ ಮೊದಲು ಒಂದು ಮುಂಜಾನೆ ಮಾಸ್ತರರು ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸುರಿಯಿತು. ಮುಖದ ನರ ಎಂದರು ಡಾಕ್ಟರು. ಔಷಧದಿಂದ ಕಣ್ಣು, ಕೆನ್ನೆ, ಮಾತು ಎಲ್ಲ ಬಹುಮಟ್ಟಿಗೆ ಸರಿಹೋದವು. ತುಟಿ ಮಾತ್ರ ಪೂರ್ತಿ ಹೋಗಲಿಲ್ಲ, ಪೂರ್ತಿ ಬರಲೂ ಇಲ್ಲ. ಎಡ ಮೂಲೆಯಿಂದ ಗಾಳಿ ಸೋರುತ್ತಿತ್ತು. ಕ್ಲಾರಿಯೊನೆಟ್ಟಿನವನಿಗೆ ತುಟಿ ಎಂದರೆ ಕುಂಬಾರನಿಗೆ ಹೆಬ್ಬೆರಳು ಇದ್ದ ಹಾಗೆ. ಅಂದಿನಿಂದ ಬ್ಯಾಂಡು ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತಿತ್ತು, ಮದುಮಗ ಸುಮ್ಮನೆ ಒಳಗೆ ಹೋಗುತ್ತಿದ್ದ. ಮಾಸ್ತರರು ಮನೆಯಲ್ಲಿ ಕುಳಿತು ಫೋನಿನಲ್ಲಿ ಬುಕಿಂಗ್ ತೆಗೆದುಕೊಳ್ಳುತ್ತಿದ್ದರು.

ಹಾಗಿದ್ದವರು ಒಂದು ದಿನ ಆಟೊದಲ್ಲಿ, ಬ್ಯಾಂಡಿನ ಹಳೆಯ ಕೆಂಪು ಕೋಟಿನಲ್ಲಿ ಏನನ್ನೋ ಸುತ್ತಿಕೊಂಡು, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ಜೊತೆಗೆ ಅವರ ಹೆಂಡತಿ ಹಲೀಮಾಬಿ.

“ಶರಣಪ್ಪ, ಇದಕ್ಕ ಜೀವ ಅದ ಏನು ನೋಡು,” ಎಂದರು ಮಾಸ್ತರರು.

“ಜೀವ ನೋಡಾಕ ಡಾಕ್ಟರ್ ಕಡಿಗೆ ಹೋಗ್ರಿ ಅಂದ್ರ ಇಲ್ಲಿಗೆ ಬಂದಾರ,” ಎಂದರು ಹಲೀಮಾಬಿ. “ಇನೋ ಕಿಸೀಕಾ ಸುಂತೇಚ್ ನೈ. ಯಾರ ಮಾತೂ ಕೇಳಂಗಿಲ್ಲ ನೋಡಪ್ಪ. ದೇವದುರ್ಗದ ಒಂದು ಮದಿವಿಗೆ ‘ದಮ್ಮು ನಾನ ಕೊಡ್ತೀನಿ’ ಅಂತ ಮಾತು ಕೊಟ್ಟು ಕುಂತಾರ. ಹುಡುಗಿ ಅಜ್ಜಿ ಫೋನ್ ಮಾಡಿದ್ಲಂತ, ‘ನನ್ನ ಮಗಳ ಮದಿವ್ಯಾಗ ಊದಿದ್ದಿ, ಮೊಮ್ಮಗಳಿಗೂ ನೀನ ಊದಬೇಕು’ ಅಂತ. ಇವರು ಹ್ಞೂಂ ಅಂದುಬಿಟ್ರು. ಬಾಯಿ ಇಲ್ಲ ಅಂತ ಹೇಳಾಕ ಬಾಯಿ ಬರಲಿಲ್ಲ.”

ಮಾಸ್ತರರು ಸುತ್ತಿದ್ದ ಕೋಟು ಬಿಚ್ಚಿದರು. ಒಳಗಿದ್ದದ್ದು ಜಪಾನಿನ ಒಂದು ಹಳೆಯ ಸಿಂಥಸೈಜರ್. ಅವರ ತಂದೆಯ ಕಾಲದಲ್ಲಿ ಹೈದರಾಬಾದಿನ ಆರ್ಕೆಸ್ಟ್ರಾದವರೊಬ್ಬರಿಂದ ಬಂದದ್ದು, ಅಟ್ಟದ ಮೇಲೆ ದಶಕಗಟ್ಟಲೆ ನಿದ್ದೆ ಮಾಡಿದ್ದು. ಹಾರ್ಮೋನಿಯಮ್ಮಿನ ಹಾಗೆ ಬೆರಳಲ್ಲಿ ಒತ್ತುವ ಮನೆಗಳು, ಮೇಲೆ ಹತ್ತಾರು ತಿರುಗು ಗುಂಡಿಗಳು. ಈಗಿನ ಕೀಬೋರ್ಡುಗಳಲ್ಲಿ ನೂರಾರು ವಾದ್ಯಗಳ ದನಿ ತುಂಬಿಟ್ಟಿರುತ್ತಾರೆ. ಒತ್ತಿದರೆ ವೀಣೆ, ಒತ್ತಿದರೆ ಪಿಟೀಲು. ಇದರಲ್ಲಿ ಏನೂ ತುಂಬಿಟ್ಟಿಲ್ಲ. ಕರೆಂಟೇ ನೇರವಾಗಿ ನಡುಗಿ ದನಿಯಾಗಬೇಕು. ಮತ್ತೊಂದು ಕೊರತೆ, ಇದಕ್ಕೆ ಒಂದು ಸಲಕ್ಕೆ ಒಂದೇ ಸ್ವರ. ಎರಡು ಮನೆ ಒತ್ತಿದರೆ ಒಂದೇ ನುಡಿಯುತ್ತದೆ. ಇದೇ ಕಾರಣಕ್ಕೆ ಅಟ್ಟ ಸೇರಿತ್ತು. ನನಗೆ ಮಾತ್ರ ಅದು ಕೊರತೆ ಅನ್ನಿಸಲಿಲ್ಲ. ಮನುಷ್ಯನ ಗಂಟಲಿಗೂ ಒಂದು ಸಲಕ್ಕೆ ಒಂದೇ ಸ್ವರ. ಕೋಗಿಲೆಗೂ ಅಷ್ಟೆ. ಒಮ್ಮೆಗೇ ನಾಲ್ಕು ಸ್ವರ ಹೊರಡಿಸುವ ಪ್ರಾಣಿಗಳು ನನಗೆ ಗೊತ್ತಿರುವ ಮಟ್ಟಿಗೆ ಪುರಸಭೆಯ ಮೀಟಿಂಗಿನಲ್ಲಿ ಮಾತ್ರ ಸಿಗುತ್ತವೆ.

ಹಿಂದಿನ ಮುಚ್ಚಳ ತೆಗೆದಾಗ ನಾನು ಸ್ವಲ್ಪ ಹೊತ್ತು ಮುಟ್ಟದೆ ನೋಡುತ್ತಾ ಕುಳಿತೆ. ತಂತಿಗಳನ್ನು ಮೇಣದ ದಾರದಿಂದ ಜಡೆ ಹೆಣೆದಂತೆ ಕಟ್ಟಿದ್ದರು, ಒಂದು ಎಳೆ ಸಡಿಲವಿಲ್ಲ. ಒಂದು ಪುಟ್ಟ ತಿರುಪಿನ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಗುರುತು. ಯಾರೋ ಶ್ರುತಿ ಕೂಡಿಸಿ, ಸರಿಯಾಯಿತು ಎಂದು ಎಳೆದ ಗೆರೆ. ಎಲ್ಲಿಯ ಜಪಾನು, ಯಾವ ಪುಣ್ಯಾತ್ಮ ಅಥವಾ ಪುಣ್ಯಾತ್ಮೆ! ಆ ಗೆರೆ ಎಳೆಯುವಾಗ ಆ ಜೀವಕ್ಕೆ ರಾಯಚೂರು ಎಂಬ ಊರಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ನನಗೆ ಅವರ ಭಾಷೆ ಗೊತ್ತಿಲ್ಲ. ಆದರೆ ಪಕ್ಕದ ರೆಸಿಸ್ಟರ್ ಮೇಲೆ ಹಳದಿ, ನೇರಳೆ, ಕೆಂಪು ಪಟ್ಟೆಗಳಿದ್ದವು, ಅದನ್ನು ಓದಿದೆ. ನಾವಿಬ್ಬರೂ ಒಂದೇ ಶಾಲೆಯವರು ಅನ್ನಿಸಿತು.

ಸತ್ತಿದ್ದ ಕೆಲವು ಕೆಪಾಸಿಟರ್ ಬದಲಿಸಿ ಕರೆಂಟು ಕೊಟ್ಟಾಗ ಪೆಟ್ಟಿಗೆ ಮೊದಲು ಗೊರಕೆ ಹೊಡೆಯಿತು, ಆಮೇಲೆ ಸ್ವರ ಹಿಡಿಯಿತು. ಇಂಥ ಯಂತ್ರಗಳು ಮೈ ಬಿಸಿಯಾದ ಮೇಲೆಯೇ ಶ್ರುತಿಯಲ್ಲಿ ನಿಲ್ಲುತ್ತವೆ. ಬೇರೆ ದೇಶಗಳಲ್ಲಿ ಅದಕ್ಕೆ ಬಹಳ ಹೊತ್ತು ಕಾಯಬೇಕಂತೆ. ನಮ್ಮೂರಿನಲ್ಲಿ ಆ ತೊಂದರೆಯಿಲ್ಲ, ಏಪ್ರಿಲ್ ತಿಂಗಳಲ್ಲಿ ಮನುಷ್ಯರೇ ಎದ್ದ ಕೂಡಲೇ ಬಿಸಿಯಾಗಿರುತ್ತಾರೆ.

ನನ್ನನ್ನು ಬೆರಗುಗೊಳಿಸಿದ್ದು ಒಂದು ಗುಂಡಿ. ಅದನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ದನಿ ‘ಊ’ ಎನ್ನುತ್ತದೆ, ತುಟಿ ಮುಚ್ಚಿಕೊಂಡ ಹಾಗೆ. ಮೆಲ್ಲಗೆ ಬಲಕ್ಕೆ ಬಂದರೆ ‘ಓ’, ಇನ್ನೂ ಬಂದರೆ ‘ಆ’. ಗುಂಡಿ ತಿರುಗಿದಷ್ಟೂ ದನಿ ಬಾಯಿ ತೆರೆಯುತ್ತದೆ. ಮಾಸ್ತರರು ಆ ಗುಂಡಿಯನ್ನು ತಿರುಗಿಸಿ ಕೇಳಿ, ಮತ್ತೆ ತಿರುಗಿಸಿ ಕೇಳಿ, ತಮ್ಮ ಎಡಗೆನ್ನೆಯನ್ನು ಮುಟ್ಟಿಕೊಂಡರು. ಅವರು ಕಳೆದುಕೊಂಡದ್ದು ಅಲ್ಲಿತ್ತು. ಬರೀ ಒಂದು ಬಾಯಿ, ಗುಂಡಿಯ ರೂಪದಲ್ಲಿ.

ಆದರೆ ಬೆರಳ ತುದಿಯಿಂದ ಗುಂಡಿ ತಿರುಗಿಸಿ ಉಸಿರಾಡಲು ಆಗುತ್ತದೆಯೆ? ಉಸಿರಿಗೆ ತೂಕ ಬೇಕು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮುರಿದ ಹಾರ್ಮೋನಿಯಮ್ಮಿನ ತಿದಿಯನ್ನು, ಅಂದರೆ ಎಡಗೈಯಿಂದ ಒತ್ತಿ ಗಾಳಿ ತುಂಬುವ ಆ ಮಡಿಕೆಯ ಹಲಗೆಯನ್ನು, ಪೆಟ್ಟಿಗೆಯ ಬಗಲಿಗೆ ಜೋಡಿಸಿದೆ. ಗಾಳಿಯ ಕೆಲಸವೇನೂ ಇಲ್ಲ. ಅಂಗಡಿ ಇಡುವ ಮೊದಲು ಶಕ್ತಿನಗರದಲ್ಲಿ ಕಂತ್ರಾಟುದಾರರ ಕೈಕೆಳಗೆ ಬೀದಿದೀಪದ ಕೆಲಸ ಮಾಡುತ್ತಿದ್ದಾಗ ಒಂದು ಪುಟ್ಟ ಸಾಮಾನಿನ ಪರಿಚಯವಾಗಿತ್ತು. ಕತ್ತಲಾಯಿತೋ ಬೆಳಕಾಯಿತೋ ಎಂದು ನೋಡಿ ದೀಪವನ್ನು ತಾನೇ ಹೊತ್ತಿಸುವ, ಆರಿಸುವ ಕಣ್ಣು ಅದು. ಬೆಳಕು ಬಿದ್ದಷ್ಟೂ ಕರೆಂಟಿಗೆ ದಾರಿ ಬಿಡುತ್ತದೆ. ಆ ಕಣ್ಣನ್ನು ಗುಂಡಿಯ ತಂತಿಗೆ ಬೆಸೆದೆ. ಅದರೆದುರು ಒಂದು ಸಣ್ಣ ಕೆಂಪು ದೀಪ, ನಡುವೆ ಕಪ್ಪು ರಟ್ಟು. ತಿದಿ ಒತ್ತಿದರೆ ರಟ್ಟು ಸರಿಯುತ್ತದೆ, ಕಣ್ಣಿಗೆ ಬೆಳಕು ಬೀಳುತ್ತದೆ, ದನಿ ಬಾಯಿ ತೆರೆಯುತ್ತದೆ. ಬಿಟ್ಟರೆ ಮುಚ್ಚುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬುದ್ಧಿವಂತ. ಇಂಥ ಕೆಲಸ ಮಾಡಿ ಅದನ್ನು ಹಲಗೆಯೊಳಗೆ ಬಚ್ಚಿಡುವುದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ. ನಾಲ್ಕು ಜನ ನೋಡಲಿ ಎಂದು ಮೇಲ್ಗಡೆ ಅಂಗೈಯಗಲದ ಗಾಜು ಕೂಡಿಸಿದೆ. ತಿದಿ ಒತ್ತಿದಾಗಲೆಲ್ಲ ಗಾಜಿನ ಕೆಳಗೆ ಕೆಂಪು ಬೆಳಕು ಉಸಿರಾಡುವುದು ಕಾಣಬೇಕು!

ಮಾಸ್ತರರು ದಿನಾ ನನ್ನ ಅಂಗಡಿಗೆ ಬಂದು ಸಾಧನೆ ಮಾಡಿದರು. ಬಿಸಿಲಿಗೆ ಹೆದರಿ ನಾವೆಲ್ಲ ಷಟರ್ ಅರ್ಧ ಎಳೆದುಕೊಂಡು ಕೂರುವ ಜನ. ಆ ತಂಪು ಕತ್ತಲೆಯಲ್ಲಿ ತಿದಿಯ ಪೆಟ್ಟಿಗೆ ಸೊಗಸಾಗಿ ಉಸಿರಾಡಿತು. ಹೆಮ್ಮೆಯಿಂದ ನಾನು, “ಮಾಸ್ತರ್, ಇನ್ನ ನಿಮ್ಮ ದಮ್ಮಿಗೆ ಕೊನಿ ಇಲ್ಲ. ಕರೆಂಟ್ ಇರೂತನ ಊದ್ರಿ,” ಎಂದೆ.

“ಕೊನಿ ಇಲ್ಲದ್ದು ದಮ್ಮು ಹೆಂಗಾಗ್ತದೋ?” ಎಂದರು ಅವರು. ನಾನು ಅದನ್ನು ಕೆಲಸಕ್ಕೆ ಬಾರದ ಪ್ರಶ್ನೆ ಎಂದು ಬದಿಗಿಟ್ಟೆ.

ದೇವದುರ್ಗದ ಮದುವೆಗೆ ನಾನೂ ಹೋದೆ. ಬ್ಯಾಂಡಿನ ಕೈಗಾಡಿಯ ಮೇಲೆ ಪೆಟ್ಟಿಗೆ, ಅದರ ಮೇಲೆ ಝಾಲರಿನ ಛತ್ರಿ, ಹಿಂದೆ ಜನರೇಟರು. ಎರಡು ವರ್ಷದ ಮೇಲೆ ಮಾಸ್ತರರು ಕೆಂಪು ಕೋಟು ಹಾಕಿದ್ದರು. ಸಡಿಲವಾಗಿದ್ದುದನ್ನು ಹಲೀಮಾಬಿ ಮನೆಯಲ್ಲೇ ಹಿಂದಿನಿಂದ ಪಿನ್ನು ಚುಚ್ಚಿ ಸರಿಮಾಡಿದ್ದರು. ಢೋಲಿನ ಹುಲಿಗೆಪ್ಪ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿ, “ಶರಣಪ್ಪಣ್ಣ, ಇದು ಹಾರ್ಮೋನಿಯಂ ಅದನೋ, ಇಸ್ತ್ರಿ ಪೆಟಗಿ ಅದನೋ? ಗಾಜಿನ್ಯಾಗ ಕೆಂಡ ಕಾಣಾಕತ್ತದಲ್ಲ!” ಎಂದ. ಗಾಜು ಅವನ ಕಣ್ಣಿಗೆ ಬಿತ್ತಲ್ಲ ಎಂದು ನನಗೆ ಸಂತೋಷವೇ ಆಯಿತು.

ಮುಹೂರ್ತ ಮಧ್ಯಾಹ್ನಕ್ಕಿತ್ತು. ಮೆರವಣಿಗೆ ಹೆಣ್ಣಿನ ಮನೆ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲಿದ್ದ. ಬಾಗಿಲಿನ ಮುಂದೆ ಬಾಳೆಕಂಬ, ತೋರಣ. ಗಾಡಿಯ ಛತ್ರಿ ತೋರಣಕ್ಕೆ ಸಿಕ್ಕಿಕೊಂಡಿತು. ಯಾರೋ, “ಛತ್ರಿ ತಗೀರಲೇ, ತ್ವಾರಣ ಹರೀತದ!” ಎಂದು ಕೂಗಿದರು. ಛತ್ರಿ ತೆಗೆದರು. ಢೋಲು ನಿಂತಿತು, ತಾಸೆ ನಿಂತಿತು, ಕಹಳೆ ನಿಂತಿತು. ಹೊಸ್ತಿಲ ಒಳಗೆ ಕುರ್ಚಿಯ ಮೇಲೆ ಫೋನ್ ಮಾಡಿದ್ದ ಆ ಅಜ್ಜಿ ಕುಳಿತಿದ್ದಳು. ಮಾಸ್ತರರು ಬಿಸ್ಮಿಲ್ಲಾ ಎಂದು ಪೆಟ್ಟಿಗೆಯ ಒಂದು ಮನೆಯ ಮೇಲೆ ಬೆರಳಿಟ್ಟರು.

ಪೆಟ್ಟಿಗೆ ಚೀರಿತು! ‘ಊ’ ಇಲ್ಲ, ‘ಓ’ ಇಲ್ಲ, ಒಮ್ಮೆಲೇ ಬಾಯಿ ಹರಿಯುವ ಹಾಗೆ ‘ಆ’. ಮದುಮಗ ಹಿಂದಕ್ಕೆ ಜಿಗಿದ. ಒಂದು ಕೂಸು ಅಳತೊಡಗಿತು. ಮಾಸ್ತರರು ತಿದಿ ಒತ್ತಿದರು, ಬಿಟ್ಟರು. ದನಿಯಲ್ಲಿ ಏನೂ ಬದಲಾಗಲಿಲ್ಲ. ಬೀಗರ ಕಡೆಯವರೊಬ್ಬರು, “ಏನ್ ಬಸ್ಸಿನ ಹಾರನ್ ತಂದೀರಿ ಏನು?” ಎಂದರು. ನನಗೆ ಆ ಕ್ಷಣದಲ್ಲೇ ತಿಳಿಯಿತು: ನಾನು ಊರಿಗೆಲ್ಲ ತೋರಿಸಲೆಂದು ಇಟ್ಟ ಗಾಜಿನೊಳಗಿನಿಂದ ದೇವದುರ್ಗದ ಬಿಸಿಲು ನೇರವಾಗಿ ಆ ಕಣ್ಣಿಗೆ ಬೀಳುತ್ತಿತ್ತು. ಅಷ್ಟು ದೊಡ್ಡ ದೀಪದ ಮುಂದೆ ನನ್ನ ಕೆಂಪು ದೀಪ ಯಾವ ಲೆಕ್ಕ? ಬಿಸಿಲಿನ ಊರಿನಲ್ಲಿ ಹುಟ್ಟಿ, ಬಿಸಿಲಿಗೆ ಹೆದರಿ ಅಂಗಡಿ ಮುಚ್ಚಿಕೊಂಡು ಕೆಲಸ ಮಾಡಿ, ಬಿಸಿಲೊಂದನ್ನೇ ಮರೆತಿದ್ದೆ.

ಸ್ವಿಚ್ ಆರಿಸಲು ನಾನು ಕೈ ಚಾಚಿದೆ. ಮಾಸ್ತರರು ನನ್ನ ಕೈ ತಳ್ಳಿದರು. ಅವರ ಸೊಟ್ಟ ತುಟಿ ಅದುರುತ್ತಿತ್ತು. ಅಜ್ಜಿಯ ಎದುರಿಗೆ, ಎರಡು ವರ್ಷದ ಮೇಲೆ, ಒಂದು ಹಾರನ್ನು! ಇಲ್ಲಿ ಆರಿಸಿದರೆ ಅವರು ಇನ್ನೆಂದೂ ಆ ಕೋಟು ಹಾಕುವುದಿಲ್ಲ ಎಂಬುದು ನನಗೆ ಗೊತ್ತಾಯಿತು. ಅವರು ಏನು ಕೆಟ್ಟಿತೆಂದು ನೋಡಲು ಪೆಟ್ಟಿಗೆಯ ಮೇಲೆ ಬಾಗಿದರು. ಅವರ ನೆರಳು ಗಾಜಿನ ಮೇಲೆ ಬಿತ್ತು. ಚೀರುತ್ತಿದ್ದ ದನಿ ‘ಓ’ ಎಂದಿತು.

ಮಾಸ್ತರರು ಬಾಗಿದವರು ಬಾಗಿದಂತೆಯೇ ನಿಂತರು. ಎದ್ದರು: ‘ಆ’. ಬಾಗಿದರು: ‘ಓ’. ನಂತರ ತಿದಿಯನ್ನು ಕೈಬಿಟ್ಟು, ಎಡ ಅಂಗೈಯನ್ನು ಗಾಜಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದರು, ಸಣ್ಣ ಮಗುವಿನ ತಲೆ ಸವರುವಾಗ ಹಿಡಿಯುವ ಹಾಗೆ. ಕೈ ಇಳಿಸಿದರು, ದನಿ ತುಟಿ ಮುಚ್ಚಿತು. ಎತ್ತಿದರು, ತೆರೆಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬೆರಳ ಸಂದಿನಿಂದ ಬಿಸಿಲು ಎಳೆ ಎಳೆಯಾಗಿ ಇಳಿಯಿತು. ಆ ಒಂದೇ ಸ್ವರದ ಒಳಗೆ ಕ್ಲಾರಿಯೊನೆಟ್ಟಿನ ನಡುಕ ಬಂತು, ಅವರ ಹಳೆಯ ತುಟಿಯ ನಡುಕ. ಬಲಗೈ ಮನೆಯಿಂದ ಮನೆಗೆ ಜಾರಿತು. ಆಲಾಪ ಎದ್ದಿತು.

ನಾನು ಕಟ್ಟಿದ್ದ ತಿದಿ ಪಕ್ಕದಲ್ಲಿ ಸುಮ್ಮನೆ ಜೋತಾಡುತ್ತಿತ್ತು. ಅದರ ಕಡೆ ನಾನೂ ನೋಡಲಿಲ್ಲ. ಕೋಟ್ಯಂತರ ಮೈಲಿ ದೂರದಿಂದ ಬಂದ ಬೆಳಕು, ಒಬ್ಬ ಬ್ಯಾಂಡಿನವನ ಬೆರಳ ಸಂದಿನಲ್ಲಿ ತೂರಿ, ಬೀದಿದೀಪದ ಕಣ್ಣಿಗೆ ಬಿದ್ದು, ಯಾರೋ ಪೆನ್ಸಿಲಿನಿಂದ ಗುರುತು ಹಾಕಿದ ಪೆಟ್ಟಿಗೆಯೊಳಗೆ ಹರಿದು, ದೇವದುರ್ಗದ ಒಂದು ಹೊಸ್ತಿಲ ಮುಂದೆ ಹಾಡಾಗುತ್ತಿತ್ತು. ಅಷ್ಟರಲ್ಲಿ ಒಂದು ತುಂಡು ಮೋಡ ಸೂರ್ಯನನ್ನು ದಾಟಿತು. ಯಾರೂ ಏನೂ ಮುಟ್ಟಲಿಲ್ಲ, ಆದರೂ ರಾಗ ಕಪ್ಪಾಯಿತು. ಮೋಡ ಸರಿಯಿತು, ರಾಗ ಬೆಳಗಿತು. ಹುಲಿಗೆಪ್ಪ ಢೋಲಿನ ಕೋಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

ದನಿ ತೆಳುವಾಗುತ್ತಾ ಬಂದು ನಿಂತಿತು. ಅಜ್ಜಿ ಕುರ್ಚಿಯಿಂದಲೇ, “ಬಾರಪ್ಪ ಒಳಗ, ದಮ್ಮು ಮುಗೀತು,” ಎಂದು ಮದುಮಗನನ್ನು ಕರೆದಳು. ಹುಲಿಗೆಪ್ಪನ ಕೋಲು ಢೋಲಿನ ಮೇಲೆ ಬಿತ್ತು.

ಊಟಕ್ಕೆ ಕುಳಿತಾಗ ಹುಲಿಗೆಪ್ಪ ಕೇಳಿದ, “ಅಲ್ರೀ ಮಾಸ್ತರ್, ಪೆಟಗಿ ಇನ್ನೂ ಊದತಿತ್ತಲ್ಲ. ಅಷ್ಟು ಛಲೋ ಹೊಂಟಿತ್ತು, ಯಾಕ ನಿಲ್ಲಿಸಿದ್ರಿ?”

ಮಾಸ್ತರರು ಹೋಳಿಗೆ ಮುರಿಯುತ್ತಾ, “ನಾ ಉಸಿರು ಹಿಡದಿದ್ನಿ,” ಎಂದರು. “ಶುರು ಮಾಡೂಮುಂದ ಒಳಗ ಎಳಕೊಂಡಿದ್ನಿ. ಅದು ಮುಗೀತು, ಬಿಟ್ನಿ.”

“ಪೆಟಗಿಗೆ ಉಸಿರು ಬೇಕಿಲ್ಲಲ್ರೀ?”

“ಪೆಟಗಿಗೆ ಬ್ಯಾಡೋ. ದಮ್ಮಿಗೆ ಬೇಕು.”

ಮಾಸ್ತರರು ಮನೆಗೆ ಹೋಗಿ ಹಲೀಮಾಬಿಗೆ ಇದನ್ನು ಹೇಳಿದಾಗ, “ಅಯ್ಯ, ಹಂಗಾದ್ರ ಉಸಿರು ಗಟ್ಟಿ ಆಗಾಕ ಬಾದಾಮಿ ಹಾಲು ಶುರು ಮಾಡಬೇಕು,” ಎಂದರಂತೆ. ಎಷ್ಟು ದೊಡ್ಡ ಬೆರಗಿಗೂ ಅಡುಗೆಮನೆಯಲ್ಲಿ ಒಂದು ಉತ್ತರ ಇರುತ್ತದೆ.

ಮರುದಿನ ನಾನು ತಿದಿಯನ್ನು ಬಿಚ್ಚಿದೆ. ಕಪ್ಪು ರಟ್ಟನ್ನೂ ಕೆಂಪು ದೀಪವನ್ನೂ ತೆಗೆದೆ. ಗಾಜನ್ನು ಇನ್ನಷ್ಟು ಅಗಲ ಮಾಡಿದೆ. ಸಂಜೆಯ ಮದುವೆಗಳಿಗೆ ಮೇಲೊಂದು ದೀಪ ಬೇಕಾಯಿತು. ಟ್ಯೂಬ್ ಲೈಟಿನ ಕೆಳಗೆ ದನಿ ಚಳಿ ಹಿಡಿದವರಂತೆ ನಡುಗುತ್ತದೆ, ಏಕೆಂದರೆ ನಮ್ಮ ಕಣ್ಣಿಗೆ ಕಾಣದಿದ್ದರೂ ಟ್ಯೂಬ್ ಲೈಟು ಸದಾ ಮಿಟುಕುತ್ತಿರುತ್ತದೆ. ಅದಕ್ಕೆ ಬ್ಯಾಟರಿಯಿಂದ ಉರಿಯುವ ಸಣ್ಣ ಬಲ್ಬು ಕೂಡಿಸಿಕೊಟ್ಟೆ. ಆದರೂ ಮಾಸ್ತರರು ಈಗ ಬುಕಿಂಗ್ ತೆಗೆದುಕೊಳ್ಳುವಾಗ ಮೊದಲು ಕೇಳುವುದು, “ಮುಹೂರ್ತ ಎಷ್ಟಕ್ಕ? ಬಿಸಿಲು ಇರ್ತದಲ್ಲ?” ಎಂದು. ರಾಯಚೂರು ಸೀಮೆಯಲ್ಲಿ ಬಿಸಿಲು ಇರಲಿ ಎಂದು ಬೇಡಿಕೊಳ್ಳುವ ಮನುಷ್ಯ ಇವರೊಬ್ಬರೇ ಇರಬೇಕು.

ನಾನು ಇಷ್ಟು ವರ್ಷ ಪೆಟ್ಟಿಗೆಗಳ ಒಳಗೆ ಹಾಡನ್ನು ಹುಡುಕಿದವನು. ಸಿಗಲಿಲ್ಲ ಎಂದು ಅನುಮಾನಪಟ್ಟವನು. ಅದು ಒಳಗೆ ಇರುವುದಿಲ್ಲ, ಹಾದು ಹೋಗುತ್ತದೆ ಎಂದು ಈಗ ತೋರುತ್ತದೆ. ನಮ್ಮ ಕೆಲಸ ಅದಕ್ಕೆ ಎಷ್ಟು ಅಡ್ಡ ನಿಲ್ಲಬೇಕು, ಎಷ್ಟು ದಾರಿ ಬಿಡಬೇಕು ಎಂದು ತಿಳಿಯುವುದು. ತಿಳಿದೆ ಎಂದು ಹೇಳಲಾರೆ. ನೋಡಿದೆ, ಅಷ್ಟೆ.

ಹೀಗಿದೆ ವಿಷಯ. ಹತ್ತು ಬಣ್ಣಗಳ ಮೇಲೆ ಕಟ್ಟಿದ ಬದುಕಿನಲ್ಲಿ ನನ್ನ ಹತ್ತಿರ ಈಗ ಇರುವುದು: ಮನೆ ಒಂದು, ಅಂಗಡಿ ಒಂದು. ಹೆಂಡತಿ ಒಬ್ಬಳು, ಮಗಳು ಒಬ್ಬಳು. ಸೋಲ್ಡರಿಂಗ್ ಐರನ್ ಎರಡು, ಅವುಗಳಲ್ಲಿ ಕಾಯುವುದು ಒಂದು. ಕನ್ನಡಕ ಎರಡು. ಕೈ ಎರಡು, ಎರಡೂ ಕೆಲಸ ಮಾಡುತ್ತವೆ.